ಅಳತೆಯ ಸಾಕ್ಷಿ: ಕಣದ ಸೇರಿನಿಂದ ಎಲೆಕ್ಟ್ರಾನಿಕ್ ಕಾಟಾದ ಸ್ಮೃತಿಕೋಶದವರೆಗೆ

ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಕಪ್ಪು ನೆಲದಲ್ಲಿ ತೊಗರಿ ಮುಖ್ಯ ಬೆಳೆ. ಈ ಭಾಗವನ್ನು ತೊಗರಿಯ ಕಣಜವೆಂದು ಕರೆಯುವುದು ರೂಢಿ. 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಬೆಳೆಯ ಹಾಡು, ರಾಶಿಪೂಜೆ, ಎಳ್ಳಮಾಸಿಯ ಚರಗ ಇವುಗಳ ಬಗೆಗೆ ಜಾನಪದ ಅಭ್ಯಾಸಿಗಳು ಸಾಕಷ್ಟು ಬರೆದಿದ್ದಾರೆ. ಆದರೆ ರಾಶಿಯಾದ ಕಾಳು ಚೀಲಕ್ಕೆ ಬಿದ್ದು ಪೇಟೆಯ ಕಾಟಾದ ಮೇಲೆ ನಿಂತಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಅರ್ಥಶಾಸ್ತ್ರದವರಿಗೆ ಬಿಟ್ಟುಬಿಡುತ್ತೇವೆ. ವರ್ಷದ ದುಡಿಮೆ ಹಣವಾಗಿ ಮಾರ್ಪಡುವ ಕ್ಷಣ ಅದು. ಆ ಕ್ಷಣದಲ್ಲಿ ರೈತನಿಗೂ ವ್ಯಾಪಾರಿಗೂ ನಡುವೆ ನಿಲ್ಲುವ ವಸ್ತು ಅಳತೆಯ ಸಾಧನ.

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದ ಆಸುಪಾಸಿನಲ್ಲಿ ತೊಗರಿ ರಾಶಿಯ ಕಾಲಕ್ಕೆ ಕ್ಷೇತ್ರಕಾರ್ಯ ನಡೆಸುತ್ತಿದ್ದಾಗ ಎದುರಾದ ಒಂದು ಪ್ರಸಂಗ ಈ ಲೇಖನಕ್ಕೆ ಪ್ರೇರಣೆ. ವಯಸ್ಸಾದ ರೈತರೊಬ್ಬರು ಒಂದೇ ರಾಶಿಯ ಕಾಳನ್ನು ಮನೆಯ ಸೇರಿನಿಂದ ಸಮನಾಗಿ ಅಳೆದು ಚೀಲ ತುಂಬಿಸಿದ್ದರು. ಮೊದಲು ಮಾರಿದ ಚೀಲಗಳು ತಲಾ 50 ಕೆ.ಜಿ. ತೂಗಿದ್ದವು. ಕೆಲವು ದಿನಗಳ ನಂತರ ಬೇರೊಂದು ಅಂಗಡಿಗೆ ಒಯ್ದ ಚೀಲಗಳು 49 ಕೆ.ಜಿ.ಯ ಆಸುಪಾಸಿನಲ್ಲೇ ನಿಂತವು. ಅಂಗಡಿಯವನು ಕಾಳು ಒಣಗಿರಬೇಕೆಂದನು. ಮುತ್ಯಾ ಒಪ್ಪಲಿಲ್ಲ. ಅಂದು ಅವರು ನನ್ನತ್ತ ತಿರುಗಿ ಆಡಿದ ಮಾತು ಹೀಗಿತ್ತು: “ಮೊದ್ಲಿನ ತಕ್ಕಡ್ಯಾಗ ಕಲ್ಲ ಕಟ್ಟಿದ್ದು ಕಣ್ಣಿಗಿ ಕಾಣ್ತಿತ್ತು. ಈ ಕಾಟಾದಾಗ ಎಲ್ಲಿ ಕಟ್ಟ್ಯಾರೋ ಯಾರಿಗಿ ಗೊತ್ತದ ತಮ್ಮಾ?”

ಈ ಪ್ರಶ್ನೆಗೆ ಖಚಿತವಾದ ಉತ್ತರವಿದೆ. ಕಾಟಾದ ಒಳಗಿರುವ ಮೈಕ್ರೋಕಂಟ್ರೋಲರ್ ಎಂಬ ಚಿಪ್ಪಿನ ಸ್ಮೃತಿಕೋಶದಲ್ಲಿ ಆ ಕಲ್ಲು ಅಂಕಿಗಳ ರೂಪದಲ್ಲಿ ಇರುತ್ತದೆ. ಆ ಅಂಕಿಗಳನ್ನು ಯಾರು ಬರೆಯುತ್ತಾರೆ, ಎಲ್ಲಿ ಬರೆಯುತ್ತಾರೆ, ಅಳಿಸಿಹೋದರೆ ಏನಾಗುತ್ತದೆ, ಅವುಗಳಿಗೆ ಸಾಕ್ಷಿ ಯಾರು ಎಂಬುದನ್ನು ಜನಪದ ಅಳತೆಯ ಹಿನ್ನೆಲೆಯಲ್ಲಿ ವಿವರಿಸಲು ಪ್ರಸ್ತುತ ಲೇಖನದಲ್ಲಿ ಯತ್ನಿಸಲಾಗಿದೆ.

ಕಣದ ಅಳತೆ

ಸೇರು, ಅರಸೇರು, ಪಾವಸೇರು, ಪಾಯಲಿ ಇವು ಈ ಭಾಗದ ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಅಳತೆಯ ಹೆಸರುಗಳು. ಇವು ಮುಖ್ಯವಾಗಿ ಪರಿಮಾಣದ, ಅಂದರೆ ಪಾತ್ರೆ ಹಿಡಿಯುವಷ್ಟು ಕಾಳಿನ ಅಳತೆಗಳು. ಸೇರು ಎಂಬ ಪದ ತೂಕಕ್ಕೂ ಬಳಕೆಯಾಗುತ್ತಿತ್ತು. ಬ್ರಿಟಿಷ್ ಭಾರತದ ಅಧಿಕೃತ ಸೇರು 80 ತೊಲೆಯದು, ಈಗಿನ ಲೆಕ್ಕದಲ್ಲಿ ಸುಮಾರು 933 ಗ್ರಾಂ. ಆದರೆ ಸೀಮೆಯಿಂದ ಸೀಮೆಗೆ, ಪೇಟೆಯಿಂದ ಪೇಟೆಗೆ ಸೇರು ಬೇರೆಯಾಗುತ್ತಿತ್ತು. ಆದ್ದರಿಂದ ವ್ಯವಹಾರದ ಮಾತಿನಲ್ಲಿ ಎಷ್ಟು ಸೇರು ಎಂಬುದರ ಜೊತೆಗೆ ಯಾವ ಊರ ಸೇರು ಎಂಬ ಪ್ರಶ್ನೆಯೂ ಸಹಜವಾಗಿ ಸೇರಿಕೊಳ್ಳುತ್ತಿತ್ತು.

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಎಣಿಕೆಯನ್ನು ‘ಒಂದು’ ಎನ್ನದೆ ‘ಲಾಭ’ ಎನ್ನುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ವ್ಯಾಪಕವಾಗಿದೆ. ಇದನ್ನು ಶುಭಾಕಾಂಕ್ಷೆಯ ಆಚರಣೆಯೆಂದು ವಿವರಿಸುವುದು ವಾಡಿಕೆ. ಅದು ಸರಿಯೇ. ಆದರೆ ಈ ಎಣಿಕೆ ಗಟ್ಟಿಯಾದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ನಡೆಯುತ್ತದೆ ಎಂಬ ಅಂಶವೂ ಅಷ್ಟೇ ಮುಖ್ಯ. ಹೊಲದೊಡೆಯ, ಪಾಲಿನವರು, ಆಯ ಪಡೆಯಲು ಬಂದ ಆಯಗಾರರು ಎಲ್ಲರೂ ಕಣದ ಸುತ್ತ ಇರುತ್ತಿದ್ದರು. ಸೇರನ್ನು ಎಷ್ಟು ತುಂಬಿದರು, ತಲೆಯನ್ನು ಕೈಯಿಂದ ಸವರಿದರೋ ಗೋಪುರವಾಗಿ ಬಿಟ್ಟರೋ ಎಂಬುದು ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಅಳತೆಗೆ ಮಂದಿಯೇ ಸಾಕ್ಷಿಯಾಗಿದ್ದರು.

ಕನ್ನಡ ಶಾಸನಗಳಲ್ಲಿ ಮಾನ, ಬಳ್ಳ, ಕೊಳಗ, ಖಂಡುಗ ಎಂಬ ಕಾಳಿನ ಅಳತೆಗಳೂ ಮತ್ತರು, ಕಮ್ಮ ಎಂಬ ನೆಲದ ಅಳತೆಗಳೂ ಮತ್ತೆ ಮತ್ತೆ ಕಾಣಸಿಗುತ್ತವೆ. ನೆಲ ಅಳೆಯುವ ಗಳೆಯ ಉದ್ದವನ್ನು ದೇವಾಲಯದ ಕಲ್ಲಿನ ಮೇಲೆ ಕೊರೆದಿಟ್ಟ ಉದಾಹರಣೆಗಳೂ ದೊರೆತಿವೆ. ಮರದ ಗಳೆ ಸವೆಯಬಹುದು, ಮುರಿಯಬಹುದು, ಕಳೆದುಹೋಗಬಹುದು. ಕಲ್ಲಿನ ಮೇಲಿನ ಗೀಟು ಹಾಗೆಯೇ ಉಳಿಯುತ್ತದೆ. ವಿವಾದ ಬಂದಾಗ ಕೈಯಲ್ಲಿರುವ ಗಳೆಯನ್ನು ಕಲ್ಲಿನ ಗೀಟಿಗೆ ಹಿಡಿದು ನೋಡಿದರೆ ಸಾಕು. ಬಳಕೆಯ ಅಳತೆ ಬೇರೆ, ಅದನ್ನು ಪರೀಕ್ಷಿಸುವ ಮೂಲದ ಅಳತೆ ಬೇರೆ, ಮೂಲದ್ದು ಸಾರ್ವಜನಿಕ ಸ್ಥಳದಲ್ಲಿ ಅಳಿಸಲಾಗದ ರೀತಿಯಲ್ಲಿ ಇರಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಬಹು ಹಳೆಯದೆಂಬುದಕ್ಕೆ ಇದು ಸಾಕ್ಷ್ಯ.

ತಕ್ಕಡಿಗೆ ಕಟ್ಟಿದ ಕಲ್ಲು

ಎರಡು ತಟ್ಟೆಯ ತಕ್ಕಡಿ ಎಷ್ಟೇ ಜಾಗರೂಕತೆಯಿಂದ ಮಾಡಿದರೂ ಬರಿದಾಗಿರುವಾಗ ದಂಡಿಗೆ ಸ್ವಲ್ಪ ಓರೆಯಾಗುವುದುಂಟು. ಒಂದು ಸರಪಳಿ ತುಸು ಭಾರ, ಒಂದು ತಟ್ಟೆ ತುಸು ಹಗುರ. ತಕ್ಕಡಿಯನ್ನು ಬಿಸಾಡುವುದಿಲ್ಲ. ಹಗುರಾದ ಬದಿಗೆ ಒಂದು ಸಣ್ಣ ಕಲ್ಲನ್ನೋ ಕಬ್ಬಿಣದ ತುಂಡನ್ನೋ ಕಟ್ಟಿ ದಂಡಿಗೆಯನ್ನು ಸಮಸ್ಥಿತಿಗೆ ತರುತ್ತಾರೆ. ಮುತ್ಯಾ ನೆನೆದದ್ದು ಈ ಕಲ್ಲನ್ನು.

ಈ ಪುಟ್ಟ ಕಲ್ಲಿನಲ್ಲಿ ಮೂರು ಸಂಗತಿಗಳು ಅಡಗಿವೆ. ಮೊದಲನೆಯದು, ದೋಷವಿಲ್ಲದ ಸಾಧನವಿಲ್ಲ. ದೋಷವನ್ನು ಅರಿತು ಸರಿದೂಗಿಸುವುದೇ ಅಳತೆಯ ಕಲೆ. ಎರಡನೆಯದು, ಒಂದು ತಕ್ಕಡಿಯ ಕಲ್ಲು ಇನ್ನೊಂದಕ್ಕೆ ಹೊಂದದು. ಅದು ಆ ತಕ್ಕಡಿಯ ಸ್ವಂತ ದೋಷದ ದಾಖಲೆ. ಮೂರನೆಯದು, ದೋಷ ತಿದ್ದುವ ಕಲ್ಲೇ ಮೋಸಕ್ಕೂ ದಾರಿಯಾಗಬಲ್ಲದು. ಬೇಕೆಂದೇ ಹೆಚ್ಚಿನ ಭಾರದ ಕಲ್ಲು ಕಟ್ಟಿದರೆ ತಕ್ಕಡಿ ಸುಳ್ಳು ಹೇಳುತ್ತದೆ. ಅನುಮಾನ ಬಂದ ಗಿರಾಕಿ ಕಾಳನ್ನೂ ಬಟ್ಟನ್ನೂ ತಟ್ಟೆ ಬದಲಿಸಿ ಇಡಲು ಹೇಳುತ್ತಿದ್ದ. ಆಗ ಮೋಸ ತಾನಾಗಿ ಬಯಲಾಗುತ್ತಿತ್ತು. ಪರೀಕ್ಷೆಗೆ ಅಕ್ಷರಜ್ಞಾನವೂ ಬೇಕಿರಲಿಲ್ಲ, ಅಧಿಕಾರಿಯೂ ಬೇಕಿರಲಿಲ್ಲ.

ಚಿಪ್ಪಿನೊಳಗಣ ಬರಹ

ಇಂದಿನ ಎಲೆಕ್ಟ್ರಾನಿಕ್ ಕಾಟಾ, ವಿದ್ಯುತ್ ಮೀಟರ್, ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಇವುಗಳಲ್ಲೆಲ್ಲ ಮೈಕ್ರೋಕಂಟ್ರೋಲರ್ ಇರುತ್ತದೆ. ಲೆಕ್ಕ ಮಾಡುವ ಭಾಗ, ನೆನಪಿಟ್ಟುಕೊಳ್ಳುವ ಭಾಗ, ಹೊರಗಿನ ಸಂಕೇತಗಳನ್ನು ಸ್ವೀಕರಿಸುವ ಭಾಗ ಎಲ್ಲವೂ ಒಂದೇ ಚಿಪ್ಪಿನಲ್ಲಿ ಅಡಕವಾದ ಪುಟ್ಟ ಗಣಕವಿದು. ಕರ್ನಾಟಕಕ್ಕೆ ಈ ತಂತ್ರಜ್ಞಾನ ಅಪರಿಚಿತವಲ್ಲ. ಚಿಪ್ಪುಗಳ ತಯಾರಕರಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು 1985ರಷ್ಟು ಹಿಂದೆಯೇ ಬೆಂಗಳೂರಿನಲ್ಲಿ ತಮ್ಮ ಅಭಿವೃದ್ಧಿ ಕೇಂದ್ರವನ್ನು ತೆರೆದರು. 1958ರಲ್ಲಿ ಆರಂಭವಾದ ಕಲಬುರಗಿಯ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜೂ ಸೇರಿದಂತೆ ರಾಜ್ಯದ ತಾಂತ್ರಿಕ ಕಾಲೇಜುಗಳಲ್ಲಿ ಮೈಕ್ರೋಕಂಟ್ರೋಲರ್ ಪಠ್ಯದ ವಿಷಯವಾಗಿದೆ.

ಒಂದೇ ಅಚ್ಚಿನಲ್ಲಿ ತಯಾರಾದ ಎರಡು ಸೇರುಗಳು ಕೂದಲೆಳೆಯಷ್ಟು ಬೇರೆಯಾಗಿರುವಂತೆ, ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ಎರಡು ಚಿಪ್ಪುಗಳೂ ಒಂದೇ ಆಗಿರುವುದಿಲ್ಲ. ಚಿಪ್ಪಿಗೆ ತಾಳ ಹಾಕಿಕೊಡುವ ಆಂತರಿಕ ಗಡಿಯಾರ ಒಂದರಲ್ಲಿ ವೇಗ, ಇನ್ನೊಂದರಲ್ಲಿ ನಿಧಾನ. ಹೋಲಿಕೆಗಾಗಿ ಒಳಗೆ ಉತ್ಪಾದಿಸುವ ಆಧಾರ ವೋಲ್ಟೇಜು ಒಂದರಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ. ಆದ್ದರಿಂದ ಕಾರ್ಖಾನೆಯಿಂದ ಹೊರಬೀಳುವ ಮುನ್ನ ಪ್ರತಿಯೊಂದು ಚಿಪ್ಪನ್ನೂ ಪರೀಕ್ಷಾಯಂತ್ರಕ್ಕೆ ಜೋಡಿಸಿ, ನಿಖರವಾದ ಮಾನಕದೊಂದಿಗೆ ಹೋಲಿಸಿ, ಅದರ ವ್ಯತ್ಯಾಸವನ್ನು ಸರಿದೂಗಿಸುವ ಅಂಕಿಯನ್ನು ಕಂಡುಹಿಡಿಯುತ್ತಾರೆ. ಈ ಹೋಲಿಕೆ ಮತ್ತು ತಿದ್ದುಪಡಿಗೆ ಮಾಪನಾಂಕ ನಿರ್ಣಯ ಎಂದು ಹೆಸರು. ಬಳಕೆಯಲ್ಲಿರುವ ಪದ ಕ್ಯಾಲಿಬ್ರೇಶನ್. ಹೀಗೆ ಸಿಕ್ಕ ಅಂಕಿಯನ್ನು ಅದೇ ಚಿಪ್ಪಿನ ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದುಬಿಡುತ್ತಾರೆ.

ಫ್ಲ್ಯಾಶ್ ಸ್ಮೃತಿಯ ವಿಶೇಷವೆಂದರೆ ವಿದ್ಯುತ್ತು ಹೋದರೂ ಅದರಲ್ಲಿನ ಬರಹ ಹೋಗುವುದಿಲ್ಲ. ಅದರ ಪ್ರತಿಯೊಂದು ಕೋಶದಲ್ಲಿಯೂ ಸುತ್ತಲೂ ನಿರೋಧಕ ಪದರದಿಂದ ಮುಚ್ಚಿದ ಒಂದು ಅತಿಸೂಕ್ಷ್ಮ ಭಾಗವಿದ್ದು, ಅಲ್ಲಿ ಸೇರಿಸಿದ ಎಲೆಕ್ಟ್ರಾನುಗಳು ಹಗೇವಿನಲ್ಲಿ ಮುಚ್ಚಿಟ್ಟ ಜೋಳದಂತೆ ವರ್ಷಗಟ್ಟಲೆ ಉಳಿಯುತ್ತವೆ. ಅಟ್‌ಮೆಗಾ328 ಎಂಬ ಬಹುಬಳಕೆಯ ಚಿಪ್ಪಿನ ಸ್ಮೃತಿ 85 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 20 ವರ್ಷ, 25 ಡಿಗ್ರಿಯಲ್ಲಿ 100 ವರ್ಷ ಉಳಿಯುತ್ತದೆ ಎಂದು ತಯಾರಕರು ನಮೂದಿಸುತ್ತಾರೆ. ಆದರೆ ಫ್ಲ್ಯಾಶ್ ಸ್ಮೃತಿಯನ್ನು ಒಂದೊಂದೇ ಅಕ್ಷರವಾಗಿ ಅಳಿಸಲಾಗದು. ಒಂದು ಇಡೀ ಖಂಡವನ್ನೇ ಒಮ್ಮೆಗೆ ಅಳಿಸಬೇಕಾಗುತ್ತದೆ. ಮುಂದೆ ವಿವರಿಸುವ ಅಪಾಯದ ಮೂಲ ಇಲ್ಲಿದೆ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಂಎಸ್‌ಪಿ430 ಕುಟುಂಬದ ಜಿ2553 ಚಿಪ್ಪನ್ನು ಉದಾಹರಣೆಯಾಗಿ ನೋಡಬಹುದು. ಇದರಲ್ಲಿ ಮುಖ್ಯ ಕಾರ್ಯಕ್ರಮದ ಜಾಗವಲ್ಲದೆ ಮಾಹಿತಿಗೆಂದೇ ಮೀಸಲಾದ 256 ಬೈಟುಗಳ ಫ್ಲ್ಯಾಶ್ ಸ್ಮೃತಿಯಿದ್ದು, ಅದನ್ನು 64 ಬೈಟುಗಳ ನಾಲ್ಕು ಖಂಡಗಳಾಗಿ ವಿಂಗಡಿಸಲಾಗಿದೆ. ‘ಎ’ ಎಂಬ ಖಂಡ ಕಾರ್ಖಾನೆಯ ಬರಹದ್ದು. ಗಡಿಯಾರವನ್ನು 1, 8, 12 ಮತ್ತು 16 ಮೆಗಾಹರ್ಟ್ಸ್ ವೇಗಗಳಲ್ಲಿ ನಡೆಸಲು ಬೇಕಾದ ಅಂಕಿಗಳು ಅದರಲ್ಲಿವೆ. ಸಂಕೇತಗಳನ್ನು ಅಂಕಿಯಾಗಿ ಮಾರ್ಪಡಿಸುವ ಭಾಗದ ತಿದ್ದುಪಡಿಗಳೂ, 30 ಮತ್ತು 85 ಡಿಗ್ರಿ ತಾಪದಲ್ಲಿ ತಾಪಸಂವೇದಕ ಕೊಟ್ಟ ಓದುಗಳೂ ಅಲ್ಲಿಯೇ ಇವೆ. ಬರಹ ಕೆಟ್ಟಿದೆಯೇ ಇಲ್ಲವೇ ಎಂಬುದನ್ನು ತಾಳೆ ನೋಡಲು ಒಂದು ಪರೀಕ್ಷಾಂಕವೂ, ಅರಿಯದೆ ಅಳಿಸದಂತೆ ತಡೆಯಲು ಒಂದು ಬೀಗದ ವ್ಯವಸ್ಥೆಯೂ ಇದೆ.

ತಕ್ಕಡಿಯ ಕಲ್ಲಿಗೂ ಈ ಅಂಕಿಗಳಿಗೂ ತತ್ವದಲ್ಲಿ ಭೇದವಿಲ್ಲ. ಎರಡೂ ಸಾಧನದ ಸ್ವಂತ ದೋಷದ ದಾಖಲೆಗಳು. ಎರಡೂ ಸಾಧನದ ಮೈಮೇಲೆಯೇ ಇರುತ್ತವೆ. ಭೇದವಿರುವುದು ಕಾಣುವಿಕೆಯಲ್ಲಿ.

ಅಳಿಸಿಹೋದರೆ

ಮೈಕ್ರೋಚಿಪ್ ಸಂಸ್ಥೆಯ ಪಿಐಸಿ12ಎಫ್675 ಎಂಬ ಎಂಟು ಕಾಲಿನ ಚಿಪ್ಪು ವಿದ್ಯಾರ್ಥಿಗಳಿಗೂ ದುರಸ್ತಿಗಾರರಿಗೂ ಚಿರಪರಿಚಿತ. ಇದರ ಕಾರ್ಯಕ್ರಮ ಸ್ಮೃತಿಯಲ್ಲಿ 1,024 ಸ್ಥಾನಗಳಿವೆ. ಕಟ್ಟಕಡೆಯ ಸ್ಥಾನದಲ್ಲಿ ಆ ಚಿಪ್ಪಿನ 4 ಮೆಗಾಹರ್ಟ್ಸ್ ಗಡಿಯಾರದ ಕ್ಯಾಲಿಬ್ರೇಶನ್ ಅಂಕಿಯನ್ನು ಕಾರ್ಖಾನೆಯವರು ಬರೆದಿರುತ್ತಾರೆ. ಬಳಸುವವನು ತನ್ನ ಕಾರ್ಯಕ್ರಮವನ್ನು ಬರೆಯುವ ಮುನ್ನ ಹಳೆಯದನ್ನು ಅಳಿಸುತ್ತಾನೆ. ಬೀಗವಿಲ್ಲದ ಕಾರಣ ಕೊನೆಯ ಮನೆಯ ಅಂಕಿಯೂ ಅದರೊಡನೆ ಅಳಿಸಿಹೋಗಬಲ್ಲದು. ಅಳಿಸುವ ಮುನ್ನ ಆ ಅಂಕಿಯನ್ನು ಓದಿ ಉಳಿಸಿಕೊಳ್ಳಬೇಕೆಂದು ತಯಾರಕರೇ ಎಚ್ಚರಿಕೆ ಕೊಡುತ್ತಾರೆ. ಅನುಭವಿಗಳು ಅದನ್ನು ಮೊದಲೇ ಓದಿ ಚಿಪ್ಪಿನ ಬೆನ್ನಿಗೆ ಚೀಟಿ ಅಂಟಿಸಿ ಬರೆದಿಟ್ಟುಕೊಳ್ಳುತ್ತಾರೆ.

ಈ ಅಂಕಿ ಕಳೆದುಹೋದರೆ ಬೇರೆ ಚಿಪ್ಪಿನಿಂದ ಎರವಲು ತರಲಾಗದು. ಚಿಪ್ಪು ಸಾಯುವುದೂ ಇಲ್ಲ. ಅದು ಎಂದಿನಂತೆ ಕೆಲಸ ಮಾಡುತ್ತದೆ, ಆದರೆ ಅದರ ಕಾಲದ ಲೆಕ್ಕ ತಪ್ಪುತ್ತದೆ. ಇನ್ನೊಂದು ಯಂತ್ರಕ್ಕೆ ಸಂದೇಶ ಕಳುಹಿಸುವಾಗ ಎರಡರ ಗಡಿಯಾರಗಳ ನಡುವೆ ಶೇಕಡಾ ಕೆಲವಷ್ಟು ಅಂತರ ಬಂದರೂ ಅಕ್ಷರಗಳು ಕಲಸಿಹೋಗುತ್ತವೆ. ಆಗ ಉಳಿಯುವ ಉಪಾಯವೊಂದೇ: ನಂಬಲರ್ಹವಾದ ಇನ್ನೊಂದು ಗಡಿಯಾರದೊಡನೆ ಹೋಲಿಸಿ ಹೊಸದಾಗಿ ಅಂಕಿ ಕಂಡುಹಿಡಿಯುವುದು. ಅಂದರೆ ಗಳೆಯನ್ನು ಮತ್ತೆ ಕಲ್ಲಿನ ಗೀಟಿಗೆ ಹಿಡಿಯುವುದು. ಕೆಲವು ತಯಾರಕರು ಇಂಥ ಅಂಕಿಗಳನ್ನು ಬಳಕೆದಾರ ಅಳಿಸಲಾಗದ ಪ್ರತ್ಯೇಕ ಜಾಗದಲ್ಲಿಡುತ್ತಾರೆ. ಅಟ್‌ಮೆಗಾ328ರಲ್ಲಿ ಗಡಿಯಾರದ ಅಂಕಿ ಇರುವುದು ಅಂಥ ಜಾಗದಲ್ಲಿ. ಚಿಪ್ಪು ಪ್ರತಿಬಾರಿ ಎಚ್ಚರಗೊಂಡಾಗ ಅದು ತಾನಾಗಿ ಬಳಕೆಗೆ ಬರುತ್ತದೆ.

ಕಾಟಾದ ಎರಡು ಅಂಕಿಗಳು

ಚಿಪ್ಪಿನ ತಯಾರಕರು ಬರೆದದ್ದು ಮೊದಲ ಪದರ. ಅದರ ಮೇಲೆ ಕಾಟಾದ ತಯಾರಕರು ಬರೆಯುವುದು ಎರಡನೆಯ ಪದರ. ರೈತನ ಚೀಲಕ್ಕೆ ನೇರವಾಗಿ ಸಂಬಂಧಿಸಿದ್ದು ಈ ಎರಡನೆಯದು.

ಕಾಟಾದ ಹಲಗೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳು ತಂತಿಜಾಲಗಳ ವಿದ್ಯುತ್ ರೋಧ ಬಾಗಿದಷ್ಟು ಬದಲಾಗುತ್ತದೆ. ಈ ಬದಲಾವಣೆಯಿಂದ ಬರುವ ಕೆಲವೇ ಮಿಲಿವೋಲ್ಟುಗಳ ಸಂಕೇತ ಎಣಿಕೆಯಾಗಿ ಮಾರ್ಪಡುತ್ತದೆ. ಆ ಎಣಿಕೆಯನ್ನು ಕಿಲೋಗ್ರಾಂ ಆಗಿಸಲು ಎರಡು ಅಂಕಿಗಳು ಬೇಕು: ಹಲಗೆ ಬರಿದಾಗಿರುವಾಗಿನ ಎಣಿಕೆ ಮತ್ತು ಒಂದು ಕಿಲೋಗ್ರಾಮಿಗೆ ಏರುವ ಎಣಿಕೆ.

ಒಂದು ಕಾಲ್ಪನಿಕ ಲೆಕ್ಕದಿಂದ ಇದು ಸ್ಪಷ್ಟವಾದೀತು. ಬರಿದಾದ ಹಲಗೆಯ ಎಣಿಕೆ 84,000 ಎಂದಿರಲಿ. 20 ಕೆ.ಜಿ.ಯ ಮುದ್ರೆಯ ಬಟ್ಟನ್ನು ಇಟ್ಟಾಗ ಎಣಿಕೆ 4,84,000 ಆಯಿತೆಂದುಕೊಳ್ಳೋಣ. ಅಂತರ 4,00,000. ಅದನ್ನು 20ರಿಂದ ಭಾಗಿಸಿದರೆ ಕಿಲೋಗ್ರಾಮಿಗೆ 20,000. ಈ 84,000 ಮತ್ತು 20,000 ಎಂಬ ಎರಡು ಅಂಕಿಗಳೇ ಆ ಕಾಟಾದ ಕಲ್ಲು. ಎರಡನೆಯ ಅಂಕಿ 20,000ದ ಬದಲು 20,400 ಎಂದು ದಾಖಲಾಗಿದ್ದರೆ ಬರಿದಾದ ಕಾಟಾ ಸೊನ್ನೆಯನ್ನೇ ತೋರಿಸುತ್ತದೆ. ನೋಡುವವರಿಗೆ ಸಂಶಯವೇ ಬರದು. ಆದರೆ 50 ಕೆ.ಜಿ.ಯ ಚೀಲ 49.02 ಎಂದೂ 100 ಕೆ.ಜಿ.ಯದು 98.04 ಎಂದೂ ಕಾಣಿಸುತ್ತದೆ. ಹತ್ತು ಕ್ವಿಂಟಲ್ ತೊಗರಿ ಮಾರುವವನು ಸುಮಾರು 20 ಕೆ.ಜಿ.ಯ ಬೆಲೆ ಕಳೆದುಕೊಳ್ಳುತ್ತಾನೆ.

ಆರಂಭದಲ್ಲಿ ಹೇಳಿದ ಪ್ರಸಂಗದಲ್ಲಿಯೂ ಆದದ್ದು ಇಂಥದ್ದೇ. ಮುತ್ಯಾ ಪಟ್ಟು ಬಿಡದೆ ಪಕ್ಕದ ಅಂಗಡಿಯಿಂದ 20 ಕೆ.ಜಿ.ಯ ಮುದ್ರೆಯ ಬಟ್ಟು ತರಿಸಿದರು. ಕಾಟಾ ಅದನ್ನು 19.60 ಎಂದು ತೋರಿಸಿತು. ವಿಚಾರಿಸಿದಾಗ ಕೆಲವು ದಿನಗಳ ಹಿಂದೆ ಕಾಟಾದ ಒಳಫಲಕ ಕೆಟ್ಟಿದ್ದುದೂ, ದುರಸ್ತಿ ಮಾಡಿದವನು ಹೊಸ ಫಲಕ ಕೂಡಿಸಿ ಅದೇ ಮಾದರಿಯ ಬೇರೊಂದು ಕಾಟಾದ ಅಂಕಿಗಳನ್ನು ಅದರಲ್ಲಿ ಬರೆದದ್ದೂ ತಿಳಿದುಬಂದಿತು. ಅಲ್ಲಿ ಮೋಸದ ಉದ್ದೇಶವಿರಲಿಲ್ಲ. ಒಂದು ತಕ್ಕಡಿಯ ಕಲ್ಲನ್ನು ಇನ್ನೊಂದಕ್ಕೆ ಕಟ್ಟಿದ್ದರು, ಅಷ್ಟೇ. ಆದರೆ ದುರಸ್ತಿಯಾದ ದಿನದಿಂದ ಅಂದಿನವರೆಗೆ ಆ ಹಲಗೆಯ ಮೇಲೆ ಹಾದುಹೋದ ಚೀಲಗಳ ಲೆಕ್ಕವನ್ನು ತಿದ್ದುವವರು ಯಾರೂ ಇರಲಿಲ್ಲ.

ಇಲ್ಲಿ ಸೇರಿನ ಪಾತ್ರವನ್ನು ಉತ್ಪ್ರೇಕ್ಷಿಸಬಾರದು. ಕಾಳಿನ ತೇವ, ಗಾತ್ರ, ತುಂಬುವ ಕೈ ಇವುಗಳಿಂದ ಸೇರಿನ ಅಳತೆ ಹೆಚ್ಚುಕಡಿಮೆಯಾಗುತ್ತದೆ. ಅದು ಕಾಟಾವನ್ನು ತಪ್ಪೆಂದು ಸಾಧಿಸಲಾರದು. ಒಂದೇ ರಾಶಿ, ಒಂದೇ ಸೇರು, ಒಂದೇ ಕೈ ಆಗಿದ್ದುದರಿಂದ ಅದು ಅನುಮಾನವನ್ನು ಹುಟ್ಟಿಸಿತು. ತೀರ್ಪು ಕೊಟ್ಟದ್ದು ಮುದ್ರೆಯ ಬಟ್ಟು.

ಕಾರ್ಖಾನೆಯ ನಿಜ, ಊರಿನ ನಿಜ

ಕಾರ್ಖಾನೆಯಲ್ಲಿ ಬರೆದ ಅಂಕಿ ಸರಿಯಾಗಿಯೇ ಇದ್ದು, ಯಾರೂ ಮುಟ್ಟದಿದ್ದರೂ ಕಾಟಾ ತಪ್ಪು ತೋರಿಸುವ ಸಂದರ್ಭವೊಂದಿದೆ. ಎರಡು ತಟ್ಟೆಯ ತಕ್ಕಡಿ ಕಾಳನ್ನು ಬಟ್ಟಿನೊಡನೆ ಹೋಲಿಸುತ್ತದೆ. ಭೂಮಿಯ ಸೆಳೆತ ಎರಡರ ಮೇಲೂ ಒಂದೇ ಆದುದರಿಂದ ಯಾವ ಊರಿನಲ್ಲಿ ತೂಗಿದರೂ ಉತ್ತರ ಒಂದೇ. ಲೋಡ್ ಸೆಲ್ ಹೋಲಿಸುವುದಿಲ್ಲ. ಅದು ಭೂಮಿ ಕಾಳನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದನ್ನು ಅಳೆಯುತ್ತದೆ. ಈ ಸೆಳೆತ ಸಮಭಾಜಕವೃತ್ತದಿಂದ ಉತ್ತರಕ್ಕೆ ಹೋದಂತೆ ಹೆಚ್ಚುತ್ತದೆ, ಎತ್ತರಕ್ಕೆ ಏರಿದಂತೆ ಕಡಿಮೆಯಾಗುತ್ತದೆ. ದೆಹಲಿ ಇರುವುದು ಸುಮಾರು 28.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕಲಬುರಗಿ ಸುಮಾರು 17.3 ಡಿಗ್ರಿಯಲ್ಲಿ. ದೆಹಲಿಯಲ್ಲಿ ಕ್ಯಾಲಿಬ್ರೇಶನ್ ಮಾಡಿದ ಕಾಟಾವನ್ನು ಹಾಗೆಯೇ ಕಲಬುರಗಿಗೆ ತಂದಿಟ್ಟರೆ ಕ್ವಿಂಟಲ್ಲಿಗೆ ಸುಮಾರು 80 ಗ್ರಾಂ ಕಡಿಮೆ ತೋರಿಸುತ್ತದೆ.

ಪೇಟೆಯ ಕಾಟಾಗಳು ಸಾಮಾನ್ಯವಾಗಿ ಮೂರನೆಯ ದರ್ಜೆಗೆ ಸೇರಿದವು. ಮುದ್ರೆ ಹಾಕುವ ಸಮಯದಲ್ಲಿ ಅಂಥ ಕಾಟಾಕ್ಕೆ 2,000 ವಿಭಾಗಗಳ ಮೇಲಿನ ತೂಕದಲ್ಲಿ ಒಂದೂವರೆ ವಿಭಾಗದಷ್ಟು ದೋಷಕ್ಕೆ ಅವಕಾಶವಿದೆ. 20 ಗ್ರಾಮಿನ ವಿಭಾಗವಿರುವ ಕಾಟಾದಲ್ಲಿ ಒಂದು ಕ್ವಿಂಟಲ್ ಎಂದರೆ 5,000 ವಿಭಾಗ. ಅಲ್ಲಿ ಸಲ್ಲುವ ದೋಷ 30 ಗ್ರಾಂ. ಭೂಮಿಯ ಸೆಳೆತದ ವ್ಯತ್ಯಾಸವೊಂದೇ ಈ ಮಿತಿಯನ್ನು ಮೀರುತ್ತದೆ. ಆದ್ದರಿಂದ ಕಾಟಾವನ್ನು ಬಳಸುವ ಸ್ಥಳದಲ್ಲಿಯೇ ಮುದ್ರೆಯ ಬಟ್ಟುಗಳನ್ನಿಟ್ಟು ಪರೀಕ್ಷಿಸಬೇಕಾಗುತ್ತದೆ. ಯಾವ ಊರ ಸೇರು ಎಂದು ಕೇಳುತ್ತಿದ್ದ ಹಿರಿಯರ ಪ್ರಶ್ನೆ ಎಲೆಕ್ಟ್ರಾನಿಕ್ ಕಾಲದಲ್ಲಿಯೂ ಅಪ್ರಸ್ತುತವಾಗಿಲ್ಲ. ಈಗ ಅದನ್ನು ಯಾವ ಊರಲ್ಲಿ ಬರೆದ ಅಂಕಿ ಎಂದು ಕೇಳಬೇಕು.

ಮುದ್ರೆ ಮತ್ತು ಸಾಕ್ಷಿ

ಅಳತೆಯ ಮೇಲ್ವಿಚಾರಣೆ ನಮ್ಮಲ್ಲಿ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕ ಮತ್ತು ಅಳತೆಗಳಿಗೆಂದೇ ಪೌತವಾಧ್ಯಕ್ಷನೆಂಬ ಅಧಿಕಾರಿಯಿದ್ದು, ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕೆಂಬ ವಿಧಿಯಿದೆ. ಸ್ವತಂತ್ರ ಭಾರತದಲ್ಲಿ 1956ರ ಕಾಯ್ದೆಯ ಮೂಲಕ ದಶಮಾಂಶ ಪದ್ಧತಿ ಅಂಗೀಕಾರವಾಗಿ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದಿತು. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಈ ಪ್ರದೇಶ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತ್ತು. ಆಡಳಿತದ ಬದಲಾವಣೆ, ನಾಣ್ಯದ ಬದಲಾವಣೆ, ತೂಕದ ಬದಲಾವಣೆಗಳನ್ನು ಒಂದೇ ತಲೆಮಾರು ಕಂಡಿತು. ಇಂದು ಜಾರಿಯಲ್ಲಿರುವುದು 2011ರ ಏಪ್ರಿಲ್ 1ರಿಂದ ಅನ್ವಯವಾದ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಇದರ ನಿಯಮಗಳಂತೆ ಬಟ್ಟುಗಳನ್ನೂ ಸಾಮಾನ್ಯ ತಕ್ಕಡಿಗಳನ್ನೂ 24 ತಿಂಗಳಿಗೊಮ್ಮೆ, ಎಲೆಕ್ಟ್ರಾನಿಕ್ ಕಾಟಾಗಳನ್ನು 12 ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಪರೀಕ್ಷೆಯ ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು.

ಮುದ್ರೆಗೆ ಆಧಾರವಾಗಿ ಒಂದು ಸರಪಳಿಯೇ ಇದೆ. ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ 57ನೇ ಸಂಖ್ಯೆಯ ರಾಷ್ಟ್ರೀಯ ಕಿಲೋಗ್ರಾಂ ಮಾದರಿ ಇದೆ. ಪ್ರಾದೇಶಿಕ ಮಾನಕ ಪ್ರಯೋಗಾಲಯಗಳಲ್ಲೊಂದು ಬೆಂಗಳೂರಿನಲ್ಲಿದೆ. ಅಲ್ಲಿಂದ ರಾಜ್ಯದ ಪ್ರಯೋಗಾಲಯಗಳಿಗೆ, ಅಲ್ಲಿಂದ ನಿರೀಕ್ಷಕರ ಬಟ್ಟುಗಳಿಗೆ, ಅವುಗಳಿಂದ ಪೇಟೆಯ ಕಾಟಾಕ್ಕೆ ಹೋಲಿಕೆ ಇಳಿದುಬರುತ್ತದೆ. 2019ರ ಮೇ 20ರಿಂದ ಕಿಲೋಗ್ರಾಮಿನ ವ್ಯಾಖ್ಯೆಯೇ ಲೋಹದ ಗುಂಡಿನಿಂದ ಬಿಡುಗಡೆ ಹೊಂದಿ ಪ್ಲ್ಯಾಂಕ್ ಸ್ಥಿರಾಂಕವೆಂಬ ನಿಸರ್ಗದ ಅಂಕಿಯನ್ನು ಆಧರಿಸಿದೆ. ಮೂಲದ ಅಳತೆಯೂ ಈಗ ಕಣ್ಣಿಗೆ ಕಾಣದ ಅಂಕಿ, ಪೇಟೆಯ ಕಾಟಾದ ಕಲ್ಲೂ ಕಾಣದ ಅಂಕಿ. ನಡುವೆ ಕೈಗೆ ಸಿಗುವುದು ಮುದ್ರೆಯ ಬಟ್ಟು ಮಾತ್ರ.

ಕಾಟಾಕ್ಕೆ ಹಾಕುವ ತಂತಿ ಮತ್ತು ಸೀಸದ ಮುದ್ರೆಯ ಅರ್ಥವೂ ಇಲ್ಲಿ ತಿಳಿಯುತ್ತದೆ. ಮುದ್ರೆ ಪೆಟ್ಟಿಗೆಯನ್ನು ಕಾಯುವಂತೆ ಕಂಡರೂ ನಿಜವಾಗಿ ಕಾಯುವುದು ಒಳಗಿನ ಅಂಕಿಗಳನ್ನು. ಅವನ್ನು ಬದಲಿಸುವ ಗುಂಡಿಗೆ ಕೈ ಹಾಕಬೇಕಾದರೆ ಮುದ್ರೆ ಮುರಿಯಲೇಬೇಕು. ಇದಲ್ಲದೆ ಅಂಕಿ ಬದಲಾದಾಗಲೆಲ್ಲ ತಾನಾಗಿ ಒಂದು ಏರುವ, ಹಿಂದಕ್ಕೆ ತಿರುಗಿಸಲಾಗದ ಎಣಿಕೆಯನ್ನು ಕಾಟಾದೊಳಗೆ ಇರಿಸುವ ವ್ಯವಸ್ಥೆಯನ್ನು ಅಂತರರಾಷ್ಟ್ರೀಯ ಮಾಪನ ನಿಯಮಾವಳಿ ಒಪ್ಪುತ್ತದೆ. ಮುದ್ರೆ ಹಾಕಿದಾಗಿನ ಎಣಿಕೆಗೂ ಇಂದಿನ ಎಣಿಕೆಗೂ ವ್ಯತ್ಯಾಸವಿದ್ದರೆ ನಡುವೆ ಯಾರೋ ಕಲ್ಲು ಬದಲಿಸಿದ್ದಾರೆಂದು ತಿಳಿಯಬಹುದು. ಕಣದಲ್ಲಿ ಗಟ್ಟಿದನಿಯಲ್ಲಿ ನಡೆಯುತ್ತಿದ್ದ ಎಣಿಕೆಯ ಉದ್ದೇಶವೇ ಇಲ್ಲಿ ಇನ್ನೊಂದು ರೂಪದಲ್ಲಿ ಕಾಣಿಸುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದಿಷ್ಟು. ಅಳತೆಗೆ ಮೂರು ಆಧಾರಗಳು ಬೇಕು: ಹೋಲಿಸಲು ಮೂಲಮಾನ, ದೋಷ ತಿದ್ದಲು ಕಲ್ಲು, ಕಲ್ಲು ಕಟ್ಟಿದ್ದನ್ನು ಕಂಡ ಸಾಕ್ಷಿ. ಮೈಕ್ರೋಕಂಟ್ರೋಲರಿನ ಕ್ಯಾಲಿಬ್ರೇಶನ್ ಬರಹ ಇವುಗಳಲ್ಲಿ ಎರಡನೆಯದನ್ನು ಬಹು ನಿಖರವಾಗಿಸಿದೆ. ಮೊದಲನೆಯದನ್ನು ವಿಜ್ಞಾನ ಭದ್ರಪಡಿಸಿದೆ. ಮೂರನೆಯದು ಮಾತ್ರ ಕಣದ ಮಂದಿಯ ಕೈಯಿಂದ ಜಾರಿ ಅಧಿಕಾರಿ ಮತ್ತು ದುರಸ್ತಿಗಾರರ ಪಾಲಾಗಿದೆ. ವರ್ಷಕ್ಕೊಮ್ಮೆ ಬರುವ ಸಾಕ್ಷಿ ದಿನನಿತ್ಯದ ಸಾಕ್ಷಿಯಾಗಲಾರದು.

ಇದಕ್ಕೆ ಪರಿಹಾರ ದೊಡ್ಡ ತಂತ್ರಜ್ಞಾನವನ್ನೇನೂ ಬೇಡುವುದಿಲ್ಲ. ಪ್ರತಿ ಪೇಟೆಯಲ್ಲಿಯೂ ಖರೀದಿ ಕೇಂದ್ರದಲ್ಲಿಯೂ ಒಂದು ಮುದ್ರೆಯ ಬಟ್ಟು ರೈತರ ಕೈಗೆಟಕುವಂತೆ ಇರಬೇಕು. ತೂಕಕ್ಕೆ ಮೊದಲು ಹಲಗೆಯ ನಡುವಿನಲ್ಲಿಯೂ ನಾಲ್ಕು ಮೂಲೆಗಳಲ್ಲಿಯೂ ಅದನ್ನಿಟ್ಟು ನೋಡುವುದು ರೂಢಿಯಾಗಬೇಕು. ಬರಿದಾದ ಹಲಗೆಯ ಸೊನ್ನೆಯನ್ನಷ್ಟೇ ನೋಡಿ ನಂಬುವುದು ಸಾಲದೆಂಬುದನ್ನು ಮೇಲಿನ ಲೆಕ್ಕ ತೋರಿಸಿದೆ. ದುರಸ್ತಿಯಾದ ಕಾಟಾ ಮರುಮುದ್ರೆಯಾಗುವವರೆಗೆ ವ್ಯವಹಾರಕ್ಕೆ ಬರಬಾರದೆಂಬ ನಿಯಮವನ್ನು ಊರವರೂ ಕೇಳಿ ನಡೆಸಿಕೊಳ್ಳಬೇಕು.

ಜಾನಪದ ಅಧ್ಯಯನದ ಪಾಲಿಗೂ ಇಲ್ಲಿ ಕೆಲಸವಿದೆ. ಹಳೆಯ ಸೇರು, ಪಾಯಲಿಗಳನ್ನು ವಸ್ತುಸಂಗ್ರಹಾಲಯಕ್ಕೆ ತರುವಾಗ ಅವುಗಳ ಗಾತ್ರವನ್ನು ಅಳೆದು, ಮೈಮೇಲಿನ ಮುದ್ರೆಗಳನ್ನು ಓದಿ, ಯಾವ ಮನೆಯಲ್ಲಿ ಯಾವ ಕಾಳಿಗೆ ಬಳಕೆಯಾಗುತ್ತಿದ್ದವು ಎಂಬುದನ್ನು ದಾಖಲಿಸಬೇಕು. ಅಂಕಿ ಕಳೆದುಕೊಂಡ ಚಿಪ್ಪಿನಂತೆ, ವಿವರ ಕಳೆದುಕೊಂಡ ಸೇರೂ ರೂಪದಲ್ಲಿ ಸೇರಾಗಿ ಉಳಿದೀತೇ ಹೊರತು ಏನನ್ನೂ ಅಳೆಯಲಾರದು. ಅದರೊಂದಿಗೆ ಇಂದಿನ ಪೇಟೆಯ ಮಾತುಗಳನ್ನೂ, ಕಾಟಾದ ಬಗೆಗಿನ ಅನುಮಾನ, ನಂಬಿಕೆ, ಪರೀಕ್ಷೆಯ ಉಪಾಯಗಳನ್ನೂ ಸಂಗ್ರಹಿಸುವುದು ಅವಶ್ಯ. ಆ ಮುತ್ಯಾ ಕೇಳಿದ ಪ್ರಶ್ನೆ ಇಂಥ ಸಂಗ್ರಹದ ಮೊದಲ ಪುಟಕ್ಕೆ ಸಲ್ಲುವಂಥದ್ದು. ಕಾಟಾದ ಅಂಗಡಿಯವನು ಅಂದೇ ಮರುಮುದ್ರೆಗೆ ಬರೆದುಕೊಂಡನು. ಮುತ್ಯಾ ತಮ್ಮ ಚೀಲಗಳನ್ನು ಬಂಡಿಗೆ ಹೇರಿಸಿಕೊಂಡು, ತೂಕ ಸರಿಯಾಗುವವರೆಗೆ ಮಾರುವುದಿಲ್ಲವೆಂದು ಮನೆಗೆ ಒಯ್ದರು.